ಲೆಕ್ಕವಿಡದ ಕೈ

ಗದಗು ಸೀಮೆಯ ರೈತನಿಗೆ ಮಳೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆ. ಅದೂ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬಾರದು. ಕಪ್ಪತಗುಡ್ಡದ ನೆತ್ತಿಯಲ್ಲಿ ಮೋಡ ಕವಿಯಿತೆಂದರೆ ಮುಂಡರಗಿಯವನೂ ಶಿರಹಟ್ಟಿಯವನೂ ಏಕಕಾಲಕ್ಕೆ ತಲೆಯೆತ್ತಿ ನೋಡುತ್ತಾರೆ. ಮೋಡವೊಡೆದು ಸುರಿಯುವ ಮಳೆ ಬದುವನ್ನು ನೋಡಿ ಸುರಿಯುವುದಿಲ್ಲ. ರಾತ್ರಿಯ ಕತ್ತಲಲ್ಲಿ ನೆರೆಯವನ ಬದುವನ್ನು ಒಂದು ಗೇಣು ಒತ್ತಿದವನ ಹೊಲಕ್ಕೂ, ಒತ್ತಿಸಿಕೊಂಡು ಸುಮ್ಮನಿದ್ದವನ ಹೊಲಕ್ಕೂ ಬಂದ ಹದ ಒಂದೇ.

ಎರಡು ಸಾವಿರ ವರ್ಷಗಳ ಹಿಂದೆ ಗಲಿಲಾಯ ಸೀಮೆಯಲ್ಲಿ ಯೇಸು ದೇವರ ಔದಾರ್ಯವನ್ನು ಜನರಿಗೆ ತಿಳಿಸಲು ಆರಿಸಿಕೊಂಡ ದೃಷ್ಟಾಂತವೂ ಇದೇ. ಒಳ್ಳೆಯವರು, ಕೆಟ್ಟವರು ಎಂಬ ಭೇದವೆಣಿಸದೆ ದೇವರು ಬಿಸಿಲನ್ನೂ ಮಳೆಯನ್ನೂ ಕೊಡುತ್ತಾನೆ. ಅವನ ಮಕ್ಕಳೆನಿಸಿಕೊಳ್ಳಬಯಸುವವರೂ ಹಾಗೆಯೇ ಕೊಡಬೇಕು ಎಂಬುದು ಆ ಬೋಧೆಯ ತಿರುಳು. ಅದೂ ಮಳೆಗಾಗಿ ಬಾಯಿಬಿಡುವ ನಾಡೇ ಆದುದರಿಂದ ಕೇಳಿದವರಿಗೆ ಅರ್ಥವಾಗಲು ತಡವಾಗಿರಲಿಕ್ಕಿಲ್ಲ. ಕೇಳಲು ಸುಲಭವಾದ ಮಾತು. ಆದರೆ ಮನುಷ್ಯನ ಕೈ ಮಳೆಯಂತೆ ಕೊಡಬಲ್ಲುದೇ? ಕೊಟ್ಟುದಕ್ಕೆ ಪ್ರತಿಯಾಗಿ ಒಂದು ನಮಸ್ಕಾರವನ್ನಾದರೂ, ಒಂದು ಹೆಸರನ್ನಾದರೂ, ತನ್ನ ಮತಕ್ಕೆ ಒಬ್ಬ ಅನುಯಾಯಿಯನ್ನಾದರೂ ಬಯಸದೆ ಇರಬಲ್ಲುದೇ? ಈ ಪ್ರಶ್ನೆಗೆ ಗದಗು-ಬೆಟಗೇರಿಯ ನೆಲದಲ್ಲಿ 1841ರಿಂದ ಈಚೆಗೆ ನಡೆದ ಒಂದು ದೀರ್ಘ ಪರೀಕ್ಷೆಯ ಕಥೆಯಿದೆ. ಅದರಲ್ಲಿ ಸೋಲೂ ಉಂಟು, ಗೆಲವೂ ಉಂಟು.

ಮೊದಲು ಒಂದು ಮಾತನ್ನು ಹೇಳಿಬಿಡಬೇಕು. ಕ್ರೈಸ್ತ ಪಾದ್ರಿಗಳು ಬಂದುದು ಕೊಡುವುದನ್ನರಿಯದ ನಾಡಿಗಲ್ಲ. ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ ಮಠ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಳ್ಳುತ್ತಾರೆ. ಪುಲಿಗೆರೆಯೆಂದು ಪ್ರಾಚೀನರು ಕರೆದ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ದೂದಪೀರರ ದರ್ಗಾ ಇವೆಲ್ಲ ಒಂದೇ ಊರಿನ ನೆರೆಹೊರೆ. ಇಲ್ಲಿಯ ಜನರ ಬಾಯಲ್ಲಿ ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತು ಹೆಚ್ಚು. ಎರಡಕ್ಕೂ ಇರುವ ಅಂತರ ಸಣ್ಣದಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ದಾಸ. ಕೊಡುವ ವಸ್ತು ಅವನದಲ್ಲ, ಮೊದಲೇ ದೇವರದು. ದೇವರಿಂದ ಪುಕ್ಕಟೆಯಾಗಿ ಪಡೆದುದನ್ನು ಪುಕ್ಕಟೆಯಾಗಿಯೇ ಹಂಚಬೇಕೆಂಬ ಕ್ರೈಸ್ತ ವಿಚಾರಕ್ಕೆ ಇದಕ್ಕಿಂತ ಹತ್ತಿರದ ಶಬ್ದ ಕನ್ನಡದಲ್ಲಿ ದೊರೆಯುವುದು ಕಷ್ಟ. ಕನ್ನಡ ಬೈಬಲು ಅದೇ ಭಾವನೆಗೆ ಕೃಪೆಯೆಂಬ ಶಬ್ದವನ್ನು ಬಳಸಿತು. ಅದೂ ಈ ನಾಡಿನ ಭಕ್ತರಿಗೆ ಹೊಸದಲ್ಲ.

ಈ ನೆಲಕ್ಕೆ ಬಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯವರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಒಕ್ಕಲಿಗರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. 1834ರಲ್ಲಿ ಸಾಮ್ಯುಯೆಲ್ ಹೇಬಿಕ್ ಮತ್ತು ಇನ್ನಿಬ್ಬರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಅವರ ಕೇಂದ್ರಗಳು ಬೆಳೆದುವು. ಬೆಟಗೇರಿಯೊಡನೆ ಅದೇ ವರ್ಷ ಹುಟ್ಟಿದ ಮತ್ತೊಂದು ಕೇಂದ್ರವಿತ್ತು. ಅದರ ಹೆಸರು ಮಲಸಮುದ್ರ.

ಮಲಸಮುದ್ರದ ಕಥೆ ವಿಚಿತ್ರವಾದುದು. ಇಂದು ಅದನ್ನು ನೆನೆಯುವವರು ಕಡಿಮೆ. ಆ ಕಾಲಕ್ಕೆ ಈ ಭಾಗದಲ್ಲಿ ಕಾಲಜ್ಞಾನದ ವಚನಗಳಲ್ಲಿ ಗಾಢವಾದ ನಂಬಿಕೆಯಿಟ್ಟ ಜನರಿದ್ದರು. ಪಶ್ಚಿಮ ದಿಕ್ಕಿನಿಂದ ಗುರುಗಳು ಬರುವರು, ಕೆಟ್ಟ ಕಾಲ ಕಳೆದು ಹೊಸ ಕಾಲ ಹುಟ್ಟುವುದು ಎಂದು ಅವರು ಕಾದಿದ್ದರು. ಬಿಳಿಯ ಮೈಬಣ್ಣದ ಪಾದ್ರಿಗಳು ದೇವರ ರಾಜ್ಯದ ಮಾತನ್ನಾಡುತ್ತ ಬಂದಾಗ, ಬರಬೇಕಾದವರು ಇವರೇ ಎಂದು ಅವರಲ್ಲಿ ಅನೇಕರು ಬಗೆದರು. ಪಾದ್ರಿಗಳಿಗೂ ಆನಂದವಾಯಿತು. ಮಂಗಳೂರಿನಲ್ಲಿ ಮುಂದೆ 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಈ ಸುದ್ದಿಯಿಂದ ಉತ್ಸಾಹಗೊಂಡವರಲ್ಲಿ ಒಬ್ಬರು. ಜಾತಿಯಿಂದ ಹೊರಬಿದ್ದು ಬರುವವರಿಗೆ ನೆಲ ಬೇಕು, ನೆಲೆ ಬೇಕು. ಆದುದರಿಂದ ಮಲಸಮುದ್ರದಲ್ಲಿ ಜಮೀನನ್ನು ಪಡೆದು ಒಂದು ಒಕ್ಕಲುತನದ ವಸಾಹತನ್ನು ಕಟ್ಟುವ ಕೆಲಸ ಪ್ರಾರಂಭವಾಯಿತು.

ಎಣಿಕೆ ಬಹು ಬೇಗ ತಪ್ಪಿತು. ಬಂದವರು ಕಾದಿದ್ದುದು ತಮ್ಮ ಕಷ್ಟಗಳನ್ನು ಕಳೆಯುವ ಗುರುವಿಗಾಗಿ. ಬಿತ್ತಲು ಬೀಜ, ಹೂಡಲು ಎತ್ತು, ಸಾಲದಿಂದ ಬಿಡುಗಡೆ, ಮೇಲಧಿಕಾರಿಗಳಿಂದ ರಕ್ಷಣೆ ಇವುಗಳನ್ನೆಲ್ಲ ಹೊಸ ಗುರು ಕೊಡುವನೆಂದು ಅವರ ಆಶೆ. ಪಾದ್ರಿಗಳು ಕಾದಿದ್ದುದು ಹೃದಯ ಪರಿವರ್ತನೆಗಾಗಿ. ಕೊಟ್ಟ ನೆಲದಲ್ಲಿ ಬೆಳೆ ಬರುವ ಮೊದಲೇ ಮನಸ್ಸಿನಲ್ಲಿ ಬೆಳೆ ಬರಬೇಕೆಂದು ಅವರು ಬಯಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಿರಾಶರಾದರು. ಬಂದವರು ಹಿಂದಿರುಗಿದರು; ಇನ್ನುಳಿದವರು ಬರಲೇ ಇಲ್ಲ. ಸುಮಾರು ಹತ್ತು ವರ್ಷಗಳಲ್ಲಿ ಮಲಸಮುದ್ರದ ವಸಾಹತು ಮುಗಿದ ಕಥೆಯಾಯಿತು.

ಜನರು ಲೋಭದಿಂದ ಬಂದರು ಎಂದು ದೂರುವುದು ಸುಲಭ. ಪಾದ್ರಿಗಳು ಆಶೆ ತೋರಿಸಿ ಬಲೆ ಬೀಸಿದರು ಎಂದು ದೂರುವುದು ಅದಕ್ಕಿಂತಲೂ ಸುಲಭ. ಎರಡೂ ಪೂರ್ತಿ ನ್ಯಾಯವಲ್ಲ. ಹೊಟ್ಟೆಗಿಲ್ಲದವನು ಎತ್ತು ಕೇಳಿದರೆ ಅದು ಲೋಭವೆನಿಸದು. ಮನೆಮಾರು ಬಿಟ್ಟು ಸಾವಿರಾರು ಮೈಲಿ ಬಂದವನಿಗೆ ತನ್ನ ನಂಬಿಕೆಯನ್ನು ಹಂಚುವ ಹಂಬಲವಿರುವುದೂ ಅಪರಾಧವಲ್ಲ. ತಪ್ಪಿದ್ದುದು ಒಪ್ಪಂದದಲ್ಲಿ. ಬಾಯಿಬಿಟ್ಟು ಆಡದಿದ್ದರೂ ಅಲ್ಲಿ ಒಂದು ಕೊಡುಕೊಳ್ಳುವಿಕೆಯಿತ್ತು. ನೆಲಕ್ಕೆ ಪ್ರತಿಯಾಗಿ ಮನಸ್ಸು, ಮನಸ್ಸಿಗೆ ಪ್ರತಿಯಾಗಿ ನೆಲ. ಗದಗಿನ ಅರಳೆಯ ಪೇಟೆಯಲ್ಲಿ ನಡೆಯಬಹುದಾದ ವ್ಯವಹಾರವದು, ಮಳೆಯ ರೀತಿಯಲ್ಲ.

ಯೇಸು ಹೇಳಿದ ಒಂದು ಸಾಮ್ಯವನ್ನು ಇಲ್ಲಿ ನೆನೆಯಬಹುದು. ಒಬ್ಬ ಯಜಮಾನ ತನ್ನ ದ್ರಾಕ್ಷೆಯ ತೋಟಕ್ಕೆ ಬೆಳಿಗ್ಗೆಯೇ ಕೂಲಿಯಾಳುಗಳನ್ನು ಗೊತ್ತುಮಾಡಿ ಕರೆದೊಯ್ದನು. ಮಧ್ಯಾಹ್ನ ಇನ್ನು ಕೆಲವರನ್ನು, ಹೊತ್ತು ಮುಳುಗಲು ಒಂದೇ ತಾಸು ಉಳಿದಾಗ, ಅದುವರೆಗೆ ಯಾರೂ ಕೆಲಸಕ್ಕೆ ಕರೆಯದೆ ಪೇಟೆಯಲ್ಲಿ ನಿಂತಿದ್ದ ಮತ್ತೆ ಕೆಲವರನ್ನು ಕರೆದನು. ಸಂಜೆ ಎಲ್ಲರಿಗೂ ಒಂದೇ ಕೂಲಿ. ದಿನವಿಡೀ ಬಿಸಿಲಲ್ಲಿ ಬೆಂದವರು ಗೊಣಗಿದರು. ನಿಮಗೆ ಮಾತಾಡಿದ ಕೂಲಿಯಲ್ಲಿ ಕಡಿಮೆ ಮಾಡಿದೆನೇ, ಕೊನೆಗೆ ಬಂದವರಿಗೆ ಧಾರಾಳವಾಗಿ ಕೊಟ್ಟರೆ ನಿಮಗೇಕೆ ಹೊಟ್ಟೆಯುರಿ ಎಂದು ಯಜಮಾನ ಕೇಳಿದನು. ಅರಳೆ ಬಿಡಿಸುವ ಸುಗ್ಗಿಯಲ್ಲಿ ಆಳುಗಳ ಕೂಲಿಯನ್ನು ತೂಕಕ್ಕೆ ಸರಿಯಾಗಿ ಎಣಿಸುವ ಯಾವ ಒಕ್ಕಲಿಗನಿಗೂ ಈ ಯಜಮಾನ ಹುಚ್ಚನೆಂದೇ ಕಾಣುವನು. ಆದರೆ ಕೊನೆಯ ತಾಸಿನಲ್ಲಿ ಬಂದವನ ಮನೆಯಲ್ಲಿಯೂ ಮಕ್ಕಳಿದ್ದವು. ಅವುಗಳ ಹಸಿವು ಉಳಿದ ಮಕ್ಕಳ ಹಸಿವಿಗಿಂತ ಕಡಿಮೆಯದಾಗಿರಲಿಲ್ಲ. ಯಜಮಾನ ಎಣಿಸಿದುದು ದುಡಿಮೆಯ ತಾಸುಗಳನ್ನಲ್ಲ. ಕ್ರೈಸ್ತನು ತನ್ನನ್ನು ಈ ಕಥೆಯಲ್ಲಿ ಯಾರ ಸ್ಥಾನದಲ್ಲಿ ನೋಡಿಕೊಳ್ಳುತ್ತಾನೆ ಎಂಬುದು ಮುಖ್ಯ. ಮೊದಲು ಬಂದವನ ಸ್ಥಾನದಲ್ಲಿ ನೋಡಿಕೊಂಡರೆ ಅವನು ಗೊಣಗುವನು. ಕೊನೆಗೆ ಬಂದರೂ ಪೂರ್ತಿ ಕೂಲಿ ಪಡೆದವನು ತಾನು ಎಂದು ತಿಳಿದರೆ ಅವನ ಕೈ ತಾನಾಗಿಯೇ ಸಡಿಲುವುದು.

ಬೆಟಗೇರಿಯ ಕೇಂದ್ರ ಮಾತ್ರ ಉಳಿಯಿತು. ಬೆಟಗೇರಿ ಅಂದಿಗೂ ಇಂದಿಗೂ ಮಗ್ಗಗಳ ಊರು. ಬಾಸೆಲ್ ನಗರವೂ ಆ ಶತಮಾನದಲ್ಲಿ ರೇಷ್ಮೆಯ ಪಟ್ಟಿಗಳನ್ನು ನೇಯುವುದಕ್ಕೆ ಹೆಸರಾಗಿತ್ತು. ಇದು ಕೇವಲ ಕಾಕತಾಳೀಯವೆಂದು ಬಿಡಬಹುದಾದರೂ ಇದರ ಹಿಂದೆ ಹೇಳಬೇಕಾದ ಒಂದು ವಿಷಯವಿದೆ. ಮಿಷನ್ನಿನ ಹಣ ಎಲ್ಲಿಂದ ಬರುತ್ತಿತ್ತು? ಬಿಳಿಯರ ಸಂಸ್ಥೆಯಾದುದರಿಂದ ಸರಕಾರದ ಬೊಕ್ಕಸದಿಂದಲೋ ದೊಡ್ಡ ಶ್ರೀಮಂತರಿಂದಲೋ ಬಂದಿರಬೇಕೆಂದು ನಮ್ಮಲ್ಲಿ ಅನೇಕರ ಊಹೆ. ಶ್ರೀಮಂತ ದಾನಿಗಳು ಇಲ್ಲದಿರಲಿಲ್ಲ. ಆದರೆ 1850ರ ದಶಕದಲ್ಲಿ ಕಾರ್ಲ್ ಸರಾಸಿನ್ ಎಂಬ ಬಾಸೆಲಿನ ವ್ಯಾಪಾರಿ ಒಂದು ಹೊಸ ಪದ್ಧತಿಯನ್ನು ಆರಂಭಿಸಿದನು. ಬಾಟ್ಸನ್ ಎಂಬುದು ಸ್ವಿಸ್ ಜನರ ಹಳೆಯ ಸಣ್ಣ ನಾಣ್ಯ. ಪ್ರತಿಯೊಬ್ಬನೂ ವಾರಕ್ಕೆ ಅದರಲ್ಲಿ ಅರ್ಧದಷ್ಟು, ಎಂದರೆ ಐದು ಸಾಂತಿಮಿನಷ್ಟು, ಕೊಟ್ಟರೆ ಸಾಕು. ಮನೆಕೆಲಸದ ಹೆಂಗಸರು, ನೇಕಾರರು, ಹಳ್ಳಿಯ ರೈತರು ವಾರವಾರವೂ ಕೊಟ್ಟರು. ಹನಿಗೂಡಿ ಹಳ್ಳವಾಯಿತು, ಮಿಷನ್ನಿನ ಆದಾಯದ ಪ್ರಮುಖ ಮೂಲಗಳಲ್ಲಿ ಇದೂ ಒಂದಾಯಿತು.

ಧಾರವಾಡದ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಬಡ ವಿದ್ಯಾರ್ಥಿಗಳ ಪ್ರಸಾದ ನಿಲಯಗಳಿಗಾಗಿ ಇಲ್ಲಿ ನಡೆದ ಮುಷ್ಟಿಫಂಡವೂ ಇದೇ ಜಾತಿಯದು. ಅಡಿಗೆಗೆ ಕಾಳು ಅಳೆಯುವಾಗ ಒಂದು ಹಿಡಿಯನ್ನು ಬೇರೆಯ ಗಡಿಗೆಗೆ ಹಾಕುವ ಗೃಹಿಣಿಗೆ ಆ ಕಾಳನ್ನು ಉಣ್ಣುವ ಹುಡುಗ ಯಾರೆಂಬುದು ತಿಳಿಯದು. ಬಾಸೆಲಿನ ಮನೆಕೆಲಸದವಳಿಗೆ ಬೆಟಗೇರಿ ಎಲ್ಲಿದೆಯೆಂಬುದು ನಕ್ಷೆಯಲ್ಲಿಯೂ ತಿಳಿದಿರಲಿಕ್ಕಿಲ್ಲ. ಜೆರುಸಲೇಮಿನ ದೇವಾಲಯದ ಹುಂಡಿಯ ಬಳಿ ಕುಳಿತು, ಎರಡು ಚಿಕ್ಕ ಕಾಸುಗಳನ್ನು ಹಾಕಿದ ವಿಧವೆಯನ್ನು ತೋರಿಸಿ, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದು ಯೇಸು ಹೇಳಿದ ಪ್ರಸಂಗವನ್ನು ಕ್ರೈಸ್ತರ ಮನೆಯ ಮಕ್ಕಳೆಲ್ಲರೂ ಬಲ್ಲರು. ಉಳಿದವರು ತಮಗೆ ಹೆಚ್ಚಾದುದನ್ನು ಕೊಟ್ಟರು. ಅವಳು ಮಾರನೆಯ ದಿನದ ಊಟವನ್ನು ಕೊಟ್ಟಳು.

ಇನ್ನೊಂದು ಕಠಿಣವಾದ ಪರೀಕ್ಷೆ 1876ರಲ್ಲಿ ಬಂತು. ಧಾತು, ಈಶ್ವರ ಎಂಬೆರಡು ಸಂವತ್ಸರಗಳನ್ನು ವ್ಯಾಪಿಸಿ 1878ರವರೆಗೆ ನಿಂತ ಆ ಬರದಲ್ಲಿ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಮುಂಬಯಿ ಪ್ರಾಂತದಲ್ಲಿ ಬಹಳ ಬೆಂದ ಭಾಗಗಳಲ್ಲಿ ಧಾರವಾಡ ಜಿಲ್ಲೆಯೂ ಒಂದು. ಮಿಷನ್ನಿನವರು ತಂದೆತಾಯಿಗಳಿಲ್ಲದ ಮಕ್ಕಳನ್ನು ಎತ್ತಿಕೊಂಡರು, ಸಾಕಿದರು, ಓದಿಸಿದರು. ಅವರ ಸಭೆಗಳೂ ಬೆಳೆದುವು. ಅಂದು ಹುಟ್ಟಿದ ಟೀಕೆ ಇಂದಿಗೂ ಕೇಳಬರುತ್ತದೆ: ಅನ್ನಕ್ಕಾಗಿ ಮತ ಬಿಟ್ಟರು, ಅನ್ನ ತೋರಿಸಿ ಮತಕ್ಕೆ ಸೇರಿಸಿಕೊಂಡರು, ಎಂದು.

ಈ ಮಾತನ್ನು ಕೇಳಿ ಸಿಡಿಮಿಡಿಗೊಳ್ಳುವುದರಿಂದ ಪ್ರಯೋಜನವಿಲ್ಲ. ಹಸಿದವನ ಮುಂದೆ ಅನ್ನ ಹಿಡಿದು ನಿಂತವನ ಕೈಯಲ್ಲಿ ಭಯಂಕರವಾದ ಅಧಿಕಾರವಿರುತ್ತದೆ. ಅವನು ಏನನ್ನೂ ಕೇಳದಿದ್ದರೂ ಹಸಿದವನು ಕೇಳಿದನೆಂದೇ ಭಾವಿಸುವನು. ದಾರಿಯ ಬದಿಯಲ್ಲಿ ಸಾಯಲಿದ್ದ ಮಗುವನ್ನು ಎತ್ತಿಕೊಂಡವನಿಗೆ ಅದನ್ನು ತನ್ನ ನಂಬಿಕೆಯಲ್ಲಿ ಬೆಳೆಸುವುದು ಸಹಜವೆಂದೇ ತೋರಿರಬೇಕು; ಆ ಮಗುವಿನ ಬಂಧುಗಳು ಯಾರಾದರೂ ಬದುಕಿದ್ದರೆ ಅವರಿಗೆ ಅದು ಇನ್ನೊಂದು ಸಾವೆಂದು ತೋರಿರಬೇಕು. ಇಷ್ಟನ್ನು ಒಪ್ಪಿಕೊಂಡ ಮೇಲೆಯೂ ಒಂದು ಸಂಗತಿ ಉಳಿಯುತ್ತದೆ. ಆ ಮಕ್ಕಳು ಬದುಕಿದರು. ಎತ್ತಿಕೊಳ್ಳುವ ಕೈ ಇಲ್ಲದೆ ಹೋದ ಮಕ್ಕಳು ಯಾವ ಮತದವರಾಗಿಯೂ ಉಳಿಯಲಿಲ್ಲ.

ಮಲಸಮುದ್ರದಲ್ಲಿ ಸಾಧಿಸದಿದ್ದುದು ಬೆಟಗೇರಿಯ ಆಸ್ಪತ್ರೆಯಲ್ಲಿ ಸಾಧಿಸಿತೆನ್ನಬೇಕು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗು ಧಾರವಾಡ ಜಿಲ್ಲೆಯನ್ನು ಹೊಕ್ಕು ಊರೂರುಗಳನ್ನು ಬರಿದು ಮಾಡಿತ್ತು. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬಾಸೆಲ್ ಮಿಷನ್ನಿನವರು ಬೆಟಗೇರಿಯಲ್ಲಿ ಆಸ್ಪತ್ರೆಯನ್ನು ತೆರೆದರು. ಜನ ಅದಕ್ಕೆ ಜರ್ಮನ್ ಆಸ್ಪತ್ರೆಯೆಂದು ಹೆಸರಿಟ್ಟರು. ಇಂದಿಗೂ ಆ ಹೆಸರು ಹೋಗಿಲ್ಲ.

ಆಸ್ಪತ್ರೆಗೆ ಬರುವವನು ಗುರುವನ್ನು ಹುಡುಕಿ ಬರುವುದಿಲ್ಲ. ನೋವನ್ನು ಹೊತ್ತು ಬರುತ್ತಾನೆ. ಗುಣವಾದರೆ ಊರಿಗೆ ಮರಳುತ್ತಾನೆ. ಅವನ ಕೊರಳಲ್ಲಿ ಲಿಂಗವಿದ್ದರೆ ಲಿಂಗ, ತೋಳಲ್ಲಿ ತಾಯಿತವಿದ್ದರೆ ತಾಯಿತ, ಇದ್ದಂತೆಯೇ ಇರುತ್ತದೆ. ವೈದ್ಯನಿಗೆ ಅವನ ಮುಖ ಮರೆತುಹೋಗುತ್ತದೆ. ಅವನಿಗೂ ವೈದ್ಯನ ಹೆಸರು ಮರೆತುಹೋಗುತ್ತದೆ. ಯೇಸು ಒಮ್ಮೆ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದನೆಂದೂ ಅವರಲ್ಲಿ ಹಿಂದಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ ಎಂದೂ, ಆ ಒಬ್ಬನೂ ಪರಕೀಯನಾದ ಸಮಾರ್ಯದವನೆಂದೂ ಸುವಾರ್ತೆಯಲ್ಲಿದೆ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದುದುಂಟು. ಆದರೆ ಹಿಂದಿರುಗದವರ ಮೈಗೆ ಕುಷ್ಠವು ಹಿಂದಿರುಗಿತೆಂದು ಎಲ್ಲಿಯೂ ಹೇಳಿಲ್ಲ. ಮಿಷನ್ ಆಸ್ಪತ್ರೆಗಳಲ್ಲಿ ಪ್ರಾರ್ಥನೆಯೂ ನಡೆಯುತ್ತಿತ್ತು, ಧರ್ಮಬೋಧೆಯೂ ನಡೆಯುತ್ತಿತ್ತು, ಅದನ್ನು ಮುಚ್ಚಿಡಬೇಕಾದುದಿಲ್ಲ. ಆದರೂ ಗಾಯಕ್ಕೆ ಹೊಲಿಗೆ ಹಾಕುವ ಸೂಜಿ ಕೇಳಿದವನಿಗೂ ಕೇಳದವನಿಗೂ ಒಂದೇ. ಈ ಒಂದು ಗುಣದಿಂದಲೇ ಜನ ಆಸ್ಪತ್ರೆಯನ್ನು ತಮ್ಮದೆಂದುಕೊಂಡರು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಕೊಡುವವರ ಸ್ಥಿತಿಯೇ ಬುಡಮೇಲಾಯಿತು. ಜರ್ಮನ್ ಪ್ರಜೆಗಳಾದ ಮಿಷನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಅನೇಕರನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದರು. ಮುಂದೆ ದೇಶದಿಂದ ಹೊರಡಿಸಿದರು. ಮಿಷನ್ನಿನ ಹಂಚಿನ ಕಾರಖಾನೆಗಳೂ ನೇಯ್ಗೆಯ ಕಾರಖಾನೆಗಳೂ ಕೈಬಿಟ್ಟವು. ಅರ್ಧ ಬಾಟ್ಸನ್ ಕೊಡುತ್ತಿದ್ದ ವುರ್ಟೆಂಬರ್ಗಿನ ಮನೆಗಳಲ್ಲಿಯೇ ಈಗ ರೊಟ್ಟಿಗೆ ಬರಗಾಲ. ಎರಡನೆಯ ಮಹಾಯುದ್ಧದಲ್ಲಿ ಅದೇ ಪ್ರಸಂಗ ಮತ್ತೊಮ್ಮೆ ನಡೆಯಿತು. ಸರಕಾರ ಎರಡು ಸಲ ಶತ್ರುವೆಂದು ಸಾರಿದ ದೇಶದ ಹೆಸರನ್ನು ಗದಗಿನ ಜನ ಆಸ್ಪತ್ರೆಯ ಮೇಲಿನಿಂದ ಅಳಿಸಲಿಲ್ಲವೆಂಬುದು ಸಣ್ಣ ಸಂಗತಿಯೆಂದು ಕಾಣಬಹುದು. ಸ್ತುತಿಪತ್ರಗಳನ್ನು ಅರ್ಪಿಸುವ ಗದ್ದಲಕ್ಕಿಂತ ಅದು ದೊಡ್ಡದು.

ಆಗ ಒಂದು ಹೊಸ ಪ್ರಶ್ನೆ ಎದ್ದಿತು. ಎಪ್ಪತ್ತೆಂಬತ್ತು ವರ್ಷ ಪಡೆಯುವುದನ್ನೇ ರೂಢಿಮಾಡಿಕೊಂಡ ಇಲ್ಲಿಯ ಕ್ರೈಸ್ತ ಸಭೆಗಳು ಏನು ಮಾಡಬೇಕು? ಪಡೆಯುವವನಿಗೆ ಪಡೆಯುವುದೂ ಒಂದು ಚಟವಾಗಬಹುದು. ಸಾಹೇಬರು ಕೊಡುತ್ತಾರೆ, ಮಿಷನ್ನು ಕೊಡುತ್ತದೆ ಎಂಬ ಮಾತು ಆ ಸಭೆಗಳಲ್ಲಿ ಇಲ್ಲದಿರಲಿಲ್ಲ. ದೇವರ ಔದಾರ್ಯವನ್ನು ಪ್ರತಿಬಿಂಬಿಸುವುದು ಶ್ರೀಮಂತ ದೇಶದ ಕ್ರೈಸ್ತನ ಕೆಲಸ, ಬೆಟಗೇರಿಯ ಕ್ರೈಸ್ತನದು ಅದನ್ನು ಸ್ವೀಕರಿಸುವುದಷ್ಟೇ, ಎಂಬ ಭಾವನೆ ಒಳಗೊಳಗೇ ಬೆಳೆದರೆ ಯಾವ ಮಿಷನ್ನಿನಿಂದಲೂ ಉಪಕಾರವಾಗದು. ಯುದ್ಧಗಳು ಆ ಭಾವನೆಯ ಬುಡಕ್ಕೆ ಕೊಡಲಿಯಿಟ್ಟವು. ಸಭೆಗಳ ಹೊಣೆ ಕ್ರಮೇಣ ಇಲ್ಲಿಯವರ ಹೆಗಲಿಗೆ ಬಂದಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಉತ್ತರ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಕೆಲವು ಕಾಲದ ನಂತರ ಅದನ್ನು ಸೇರಿದುವು.

ಈ ದಾರಿಯಲ್ಲಿ ಅವರಿಗೆ ಮೇಲ್ಪಂಕ್ತಿ ಬೇಕಾಗಿದ್ದರೆ ಬಾಸೆಲಿನತ್ತ ನೋಡಬೇಕಾಗಿರಲಿಲ್ಲ, ಊರಲ್ಲಿಯೇ ಇತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅಂಧರೂ ಬಡವರೂ ಆದ ಮಕ್ಕಳಿಗೆ ಊಟ, ವಸತಿ, ಸಂಗೀತ ವಿದ್ಯೆ ಎಲ್ಲವೂ ಅಲ್ಲಿ ಉಚಿತ. ಆಶ್ರಮವನ್ನು ನಡೆಸಲು ನಾಟಕ ಕಂಪನಿಯನ್ನು ಕಟ್ಟಿ ಊರೂರು ತಿರುಗಿದರು. 2010ರಲ್ಲಿ ತೀರಿಕೊಳ್ಳುವವರೆಗೂ ಪುಟ್ಟರಾಜರಿಗೆ ಭಕ್ತರು ಮಾಡಿಸಿದ ತುಲಾಭಾರಗಳಿಗೆ ಮಿತಿಯಿರಲಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವರು ಕುಳಿತಾಗ ಇನ್ನೊಂದು ತಟ್ಟೆಯಲ್ಲಿ ಬಿದ್ದುದು ಆಶ್ರಮದ ಮಕ್ಕಳಿಗೆ ಹೋಯಿತು. ತನ್ನ ಮೈಭಾರದಷ್ಟು ಪಡೆದು ಅದರಲ್ಲಿ ಒಂದು ಹಿಡಿಯನ್ನೂ ತನ್ನದೆನ್ನದ ಈ ಬಾಳನ್ನು ಕಂಡ ಕ್ರೈಸ್ತನಿಗೆ ತನ್ನ ಸುವಾರ್ತೆಯ ಅರ್ಥ ಇನ್ನಷ್ಟು ಸ್ಪಷ್ಟವಾಗಬೇಕೇ ಹೊರತು, ಇದು ಪರರ ಮಠವೆಂದು ಕಣ್ಣು ಮುಚ್ಚಿಕೊಳ್ಳುವ ಕಾರಣವಿಲ್ಲ. ದಾರಿಯಲ್ಲಿ ಕಳ್ಳರಿಂದ ಪೆಟ್ಟುತಿಂದು ಬಿದ್ದವನನ್ನು ಎತ್ತಿದ ಸಮಾರ್ಯದವನನ್ನು ಯೇಸು ಮಾದರಿಯಾಗಿ ತೋರಿಸಿದಾಗ, ಕೇಳುತ್ತಿದ್ದವರು ಆ ಸಮಾರ್ಯದವನ ಮತವನ್ನು ಒಪ್ಪುವವರಾಗಿರಲಿಲ್ಲ.

ಕ್ರೈಸ್ತ ಸಭೆಗಳಲ್ಲಿ ಸುಗ್ಗಿಯ ಹಬ್ಬವೆಂಬುದೊಂದಿದೆ. ಬೆಳೆ ಮನೆಗೆ ಬಂದ ಮೇಲೆ ಒಂದು ಭಾನುವಾರ ದೇವಾಲಯದ ಮುಂದಿನ ಕಟ್ಟೆಯ ತುಂಬ ಜೋಳದ ಚೀಲ, ಕಡಲೆ, ಮೆಣಸಿನಕಾಯಿ, ಬದನೆಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಒಂದೆರಡು ಕೋಳಿ. ಹೊಲವಿಲ್ಲದವರು ಮನೆಯಲ್ಲಿ ಮಾಡಿದ ತಿಂಡಿಯನ್ನೋ, ಹೆಣೆದ ಬಟ್ಟೆಯನ್ನೋ ತರುತ್ತಾರೆ. ಆರಾಧನೆ ಮುಗಿದ ಮೇಲೆ ಲೀಲಾವು. ಪೇಟೆಯಲ್ಲಿ ಕೆಲವು ರೂಪಾಯಿಗೆ ದೊರೆಯುವ ಕುಂಬಳಕಾಯಿ ಇಲ್ಲಿ ಅದರ ಹಲವು ಪಟ್ಟಿಗೆ ಹೋಗುತ್ತದೆ. ಕೊಂಡವನು ಅದನ್ನು ಮನೆಗೊಯ್ಯದೆ ಮತ್ತೆ ಕಟ್ಟೆಯ ಮೇಲಿಡುತ್ತಾನೆ, ಇನ್ನೊಬ್ಬನು ಕೂಗುತ್ತಾನೆ. ಹೀಗೆ ಒಂದೇ ಕಾಯಿ ಮೂರು ನಾಲ್ಕು ಸಲ ಮಾರಾಟವಾಗುವುದುಂಟು. ಕೊನೆಗೆ ಅದು ಯಾರ ಅಡಿಗೆಯ ಮನೆಗೆ ಸೇರಿತೆಂಬುದನ್ನು ಗದ್ದಲದಲ್ಲಿ ಯಾರೂ ಗಮನಿಸುವುದಿಲ್ಲ.